ನಿಮ್ಮನ್ನು ನನ್ನೆದುರಿನಿಂದ ಎಬ್ಬಿಸಿದ್ದು

ನಿಮಗೆ ಬೆನ್ನುನೋವು ಇರಲಿಲ್ಲ, ಸರೋಜಕ್ಕ. ಕೂತು ಕೂತು ಬೆನ್ನು ಹಿಡಿಯುತ್ತದೆ, ನಿಂತು ಮಾಡುವ ಪ್ಯಾಕಿಂಗಿಗೆ ಹಾಕಿ ಎಂದು ನೀವು ಸೂಪರ್‌ವೈಸರಿಗೆ ಸುಳ್ಳು ಹೇಳಿದ್ದು ನನ್ನಿಂದ. ಎಂಟು ವರ್ಷವಾಯಿತು. ನೀವು ಯಾರಲ್ಲೂ ಬಾಯಿ ಬಿಡಲಿಲ್ಲ — ನಾನು ಆರಾಮಾಗಿದ್ದೆ.

ಪೀಣ್ಯದ ಆ ಫ್ಯಾನ್ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಮೇಜಿಗೆ ಎದುರುಬದುರು. ರೆಕ್ಕೆ ತಿರುಗಿಸಿ, ಎತ್ತ ಹಗುರವೋ ಅತ್ತ ಚೂರು ತೂಕ ಅಂಟಿಸಿ, ಅಲುಗಾಟ ನಿಲ್ಲಿಸುವುದು ಕೆಲಸ. ಕಲಿಸಿದವರು ನೀವೇ. ನನ್ನ ಮೊದಲ ಬಸಿರು ಮೂರನೇ ತಿಂಗಳಿಗೇ ಹೋಗಿತ್ತು. ಎರಡನೆಯದರಲ್ಲಿ ಈ ಸಮತೂಕ ತಲೆಗೇರಿತು. ರಂಗೋಲಿಯ ಎಡ ಬಲ ಒಂದೇ ಸಮ ಇರಬೇಕು, ಎರಡು ಕೈಗೂ ಅಷ್ಟಷ್ಟೇ ಬಳೆ, ಮಂಚದೆದುರು ಮುದ್ದು ಮಗುವಿನ ಪಟ — ಅದೂ ಗೋಡೆಯ ನಟ್ಟನಡುವೆ. ಎಲ್ಲ ಸರಿಸಮ ಇದ್ದರೆ ಈ ಮಗು ನಿಲ್ಲುತ್ತದೆ ಅಂತ... ಯಾರೂ ಹೇಳಿರಲಿಲ್ಲ, ನಾನೇ ಕಟ್ಟಿಕೊಂಡೆ. ಭಯ ಇತ್ತು, ನಿಜ. ಆದರೆ ನಿಮಗೆ ಅಂದದ್ದು ಬರೀ ಭಯಕ್ಕಲ್ಲ.

ಅದೇ ದಿನಗಳಲ್ಲಿ ಜ್ವರ ಬಂದು ನಿಮ್ಮ ಮುಖದ ಒಂದು ಪಕ್ಕ ಜೋತುಬಿದ್ದಿತ್ತು. ಟೀ ಕುಡಿದರೆ ಬಾಯಿಯ ಅಂಚಿನಿಂದ ಸೋರುತ್ತಿತ್ತು, ನೀವು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಿರಿ. ನನಗೆ ಹೇಸಿಗೆಯಾಗಿ ವಾಕರಿಕೆ ಬರುತ್ತಿತ್ತು, ಅಕ್ಕ. ಅದು ಬಸಿರಿನದು ಅನ್ನಬಹುದಿತ್ತು — ಅಲ್ಲ, ನಿಮ್ಮ ಮುಖ ಕಂಡು ಬಂದದ್ದೇ. ಒಂದು ದಿನ ಅಂದೇಬಿಟ್ಟೆ.

"ಹೆರಿಗೆ ಆಗೋ ತನಕ ನನ್ನೆದುರು ಕೂತ್ಕೋಬೇಡಿ ಅಕ್ಕ. ನಿಮ್ಮ ಮುಖ ನೋಡ್ತಾ ಇದ್ರೆ ಮಗೂಗೂ ಹಾಗೇ ಆಗ್ಬಿಟ್ರೆ?"

ನೀವು ಕೈಲಿದ್ದ ರೆಕ್ಕೆಯನ್ನು ಮೆಲ್ಲಗೆ ಕೆಳಗಿಟ್ಟಿರಿ. "ಆಯ್ತು ಕಣಮ್ಮ. ನೀನು ಹುಷಾರು," ಅಂದಿರಿ. ಮಾರನೇ ದಿನದಿಂದ ಎದುರಿನ ಕುರ್ಚಿ ಖಾಲಿ. ನನಗೆ ಹಾಯೆನಿಸಿತು. ಥೂ, ನನ್ನ ಜನ್ಮಕ್ಕಿಷ್ಟು.

ಮಗಳು ಹುಟ್ಟಿ ತಿಂಗಳಾದ ಮೇಲೆ ಬಾಗಲಗುಂಟೆಯ ನಮ್ಮ ಮನೆಯ ಮೆಟ್ಟಿಲ ಮೇಲೆ ನೀವು ಬಂದು ನಿಂತಿದ್ದಿರಿ, ಕೆನ್ನೆ ಮುಚ್ಚುವ ಹಾಗೆ ಸೆರಗು ಹೊದ್ದು.

"ಹೆರಿಗೆ ಆಯ್ತಲ್ಲಮ್ಮ, ಈಗ ನೋಡ್ಬೋದಾ?"

"ಮಗು ಮಲಗಿದೆ ಅಕ್ಕ," ಅಂದೆ. ಒಳಗೆ ಪಕ್ಕದ ಮನೆಯ ಹೆಂಗಸರು ಅವಳನ್ನು ತೊಡೆಯಿಂದ ತೊಡೆಗೆ ದಾಟಿಸುತ್ತ ಆಡಿಸುತ್ತಿದ್ದರು. ಆ ಗಲಾಟೆ ನಿಮಗೂ ಕೇಳಿಸುತ್ತಿತ್ತು. ತಲೆಯಾಡಿಸಿ ಇಳಿದು ಹೋದಿರಿ. ನಾನು ಒಳಗೆ ಬಂದು ಮಗುವಿನ ಮುಖವನ್ನು ಕಿಟಕಿಯ ಬೆಳಕಿಗೆ ಹಿಡಿದೆ — ಎರಡೂ ಪಕ್ಕ ಸಮ ಇದೆಯೋ ಎಂದು ಮತ್ತೊಮ್ಮೆ ನೋಡಲು.

ಈಗಲೂ ಯಾರಾದರೂ ಅವಳ ಮುಖ ತಿದ್ದಿ ತೀಡಿದ ಹಾಗಿದೆ ಅಂದರೆ ನನಗೆ ಹೆಮ್ಮೆಯಾಗುತ್ತದೆ. ಬೆನ್ನಿಗೇ ನನ್ನ ಮೇಲೆ ನನಗೇ ಅಸಹ್ಯ. ಎರಡೂ ಹೋಗುವುದಿಲ್ಲ.

ನೀವು ನಾಗಸಂದ್ರದಲ್ಲಿ ಮಗನ ಮನೆಯಲ್ಲಿದ್ದೀರಂತೆ. ಭಾನುವಾರ ಬರುತ್ತೇನೆ. ಮಗಳನ್ನು ಕರೆತರುವುದಿಲ್ಲ — ಅವಳನ್ನು ಮುಂದಿಟ್ಟುಕೊಂಡು ನಿಮ್ಮ ಮನಸ್ಸು ಕರಗಿಸುವ ನೀಚತನ ಬೇಡ. ನೀವು ಮಲಗಿದ್ದೀರಿ ಎಂದು ಒಳಗಿನಿಂದ ಹೇಳಿಸಿದರೆ ಸಾಕು, ಇಳಿದು ಹೋಗುತ್ತೇನೆ.