ಟೈಲರ್ ಮಾವನ ಬಲಗೈ

ಮೊನ್ನೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಸುಟ್ಟ ರಾಳದ ವಾಸನೆ... ಚನ್ನಗಿರಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಟೈಲರ್ ಮಾವ ನೆನಪಾದರು.

ಎಂಬತ್ತರ ದಶಕ. ನಾನು ಇಂಜಿನಿಯರಿಂಗ್ ಓದುತ್ತಿದ್ದೆ. ಕಾಲೇಜಿನಲ್ಲಿ ಕೆಲವು ಹುಡುಗರು ಸೇರಿ ರೋಬೋಟ್ ಕ್ಲಬ್ ಕಟ್ಟಿದ್ದರು. ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಆ ವರ್ಷ ಮಾವನ ಬಲಗೈ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ತುಂಡಾಗಿತ್ತು. ಕ್ಲಬ್ಬಿನಲ್ಲಿ ಹೇಳಿದೆ. ಯಂತ್ರದ ಕೈ ಮಾಡೋಣವೆಂದು ಎಲ್ಲರಿಗೂ ಹುರುಪು ಬಂತು. ಸೈಕಲ್ ಬ್ರೇಕಿನ ತಂತಿ, ಕಾರಿನ ವೈಪರ್ ಮೋಟಾರು, ತಗಡಿನ ಬೆರಳು. ವೈರುಗಳಿಗೆಲ್ಲ ಬೆಸುಗೆ ಹಾಕಿದವಳು ನಾನು. ಮಾವ ಬಸ್ಸು ಹಿಡಿದು ಬಂದು ಅಳತೆ ಕೊಟ್ಟು ಹೋಗುತ್ತಿದ್ದರು.

"ಅಂಗಿ ಗುಂಡಿ ಹಾಕಾಕೆ ಬಂದ್ರೆ ಸಾಕವ್ವ, ಹೊಲಿಯಾದು ಆಮ್ಯಾಲೆ ನೋಡಾನ," ಅನ್ನುತ್ತಿದ್ದರು.

ವಾರ್ಷಿಕೋತ್ಸವದಲ್ಲಿ ಅವರನ್ನು ವೇದಿಕೆ ಹತ್ತಿಸಿದರು. ನೀರಿನ ಲೋಟ ಎತ್ತಿ ತೋರಿಸಬೇಕಿತ್ತು. ನಾನು ಪಕ್ಕದಲ್ಲಿ ಸ್ವಿಚ್ಚು ಹಿಡಿದು ನಿಂತಿದ್ದೆ. ಬೆರಳು ಮುಚ್ಚಿದವು, ಲೋಟ ಮೇಲೆದ್ದಿತು. ಬಾಯಿಯ ಹತ್ತಿರ ಬರುವಷ್ಟರಲ್ಲಿ ಜಾರಿ ಪಂಚೆಯೆಲ್ಲ ತೊಯ್ದುಹೋಯಿತು. ಸಭೆ ನಕ್ಕಿತು. "ಇನ್ನೊಂದ್ಸಲ," ಅಂದರು ಕ್ಲಬ್ಬಿನ ಲೆಕ್ಚರರ್. ಮತ್ತೆ ಜಾರಿತು, ಮತ್ತೆ ನಗು. ಮಾವ ಹೆಗಲ ಟವೆಲ್ಲು ತೆಗೆದು, ಮೊಣಕಾಲೂರಿ, ಎಡಗೈಯಲ್ಲಿ ವೇದಿಕೆಯ ನೀರು ಒರೆಸತೊಡಗಿದರು. ನನ್ನ ಮುಖ ಕಾದ ಹೆಂಚಾಗಿತ್ತು.

ಆದರೂ ಆ ವರ್ಷದ ಮಾದರಿಗಳ ಸ್ಪರ್ಧೆಯಲ್ಲಿ ನಮಗೇ ಬಹುಮಾನ ಬಂತು. ಫೋಟೋದಲ್ಲಿ ಆ ಕೈ ಇದೆ, ಮಾವ ಇಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಅವರು ಕೇಳಿದ್ದಿಷ್ಟೇ: "ನಿಂಗೇನೂ ಕರೆಂಟ್ ಹೊಡೀಲಿಲ್ಲಲ್ಲ?"

ಆಮೇಲೆ ಹೊಲಿಗೆ ಯಂತ್ರಕ್ಕೆ ಮಾವನ ಹೆಂಡತಿ, ನಮ್ಮ ಪಾಲಿನ ಅತ್ತೆ, ಕೂತರು. ಮಾವ ಎಡಗೈಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿತರು. ಅವರು ಮನೆಗೆ ಒಯ್ದಿದ್ದ ಯಂತ್ರದ ಕೈ ಕೆಲವೇ ದಿನಗಳಲ್ಲಿ ಕೆಟ್ಟಿತೆಂದು ಕೇಳಿದ್ದೆ.

ಓದು ಮುಗಿದು ಹೊನ್ನಾಳಿಯಲ್ಲಿ ನನ್ನ ಮದುವೆಯಾಯಿತು. ಅಕ್ಷತೆ ಹಾಕಲು ಬಂದವರ ಸಾಲಿನಲ್ಲಿ ಮಾವ ಇದ್ದರು, ಆ ತಗಡಿನ ಕೈ ಹಾಕಿಕೊಂಡು. ಅದಕ್ಕೆಂದೇ ಅತ್ತೆ ಅಗಲ ತೋಳಿನ ಅಂಗಿ ಹೊಲಿದುಕೊಟ್ಟಿದ್ದರು. ಬೀಗರ ಕಡೆಯವರೆಲ್ಲ ನೋಡುತ್ತಿದ್ದರು.

"ಕೆಟ್ಟೈತೆ ಇದು. ಆದ್ರೆ ನೀನು ಮಾಡಿದ್ದಲ್ಲೇನವ್ವ? ನಿನ್ನ ಮದ್ವೆಗೆ ಬರಾವಾಗ ಬಿಟ್ಟು ಬರಾದು ಹೆಂಗೆ," ಅಂದರು.

ತಲೆ ತಗ್ಗಿಸಿದೆ. ಸುತ್ತಲಿದ್ದವರು ಅದನ್ನು ಮದುಮಗಳ ನಾಚಿಕೆ ಅಂದುಕೊಂಡರು.

ಮಾವ ತೀರಿಕೊಂಡು ಬಹಳ ವರ್ಷವಾಯಿತು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ಅತ್ತೆ ಆ ಕೈಯನ್ನೂ ಅವರ ಜೊತೆಗೇ ಮಣ್ಣಲ್ಲಿ ಇಟ್ಟರೆಂದು ಆಮೇಲೆ ತಿಳಿಯಿತು. ಈಗಲೂ ತವರಿಗೆ ಹೋದರೆ ಎದುರುಮನೆಯ ಕಡೆ ಮುಖವೆತ್ತಿ ನೋಡಲಾರೆ...