ಚಿಕ್ಕಬಾಣಾವರದಿಂದ ಎಂಟು ಗಂಟೆಯ ಪರೀಕ್ಷೆಗೆ

ಬೆಳಗಿನ ಐದೂವರೆಗೆ ನಾವು ಚಿಕ್ಕಬಾಣಾವರ ಸ್ಟೇಷನ್ ತಲುಪಿದಾಗ ಸಣ್ಣಗೆ ಹನಿಯುತ್ತಿತ್ತು. ನನ್ನ ಚೀಲದಲ್ಲಿ ಗುರುತಿಗೆ ತೋರಿಸಬೇಕಾದ ಪಾಸ್‌ಪೋರ್ಟ್, ಎರಡು ಪೆನ್ನು, ಒಂದು ಸ್ವೆಟರ್. ಅತ್ತೆ ಗಂಗಮ್ಮನ ಕೈಯಲ್ಲಿ ರಾಗಿರೊಟ್ಟಿಯ ಡಬ್ಬಿ. ಹೋಗಬೇಕಾಗಿದ್ದದ್ದು ಊರಿನ ಇನ್ನೊಂದು ತುದಿಗೆ, ಮಾರತ್ತಹಳ್ಳಿ ಹತ್ತಿರದ ಪರೀಕ್ಷಾ ಕೇಂದ್ರಕ್ಕೆ. ಹೆಚ್ಚುಕಡಿಮೆ ಮೂವತ್ತೈದು ಕಿಲೋಮೀಟರ್. ಎಂಟೂಕಾಲಿಗೆ ಅಲ್ಲಿ ಹಾಜರಿರಬೇಕು. ಅಂದು ಬಸ್ ಮುಷ್ಕರ. ಮನೆಯಲ್ಲಿದ್ದ ಒಂದೇ ಬೈಕು, ರಾತ್ರಿ ಪಾಳಿಗೆ ಹೋದ ಗಂಡನ ಜೊತೆ ಪೀಣ್ಯದಲ್ಲಿತ್ತು.

ಯಲಹಂಕದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಆ ಕಸುಬಿನಲ್ಲಿ ಬಲು ಕಷ್ಟದ್ದೆಂದು ಹೆಸರಾದ ಪರೀಕ್ಷೆ ಇದು. ಎಂಟು ಗಂಟೆಯ ಕಾಲ ಯಂತ್ರಗಳ ಮುಂದೆ ಕೂತು, ಕೆಟ್ಟುಹೋದ ನೆಟ್‌ವರ್ಕನ್ನು ಸರಿಪಡಿಸಿ, ಆಮೇಲೆ ಹೊಸದೊಂದನ್ನು ಕಟ್ಟಿ ತೋರಿಸಬೇಕು. ಒಂದೂವರೆ ವರ್ಷ ಮಹಡಿಯ ಕೋಣೆಯಲ್ಲಿ ಹಳೆಯ ರೂಟರ್‌ಗಳನ್ನು ಜೋಡಿಸಿಕೊಂಡು ಅಭ್ಯಾಸ ಮಾಡಿದ್ದೆ. ಮೊದಲ ಸಲ ಕೊನೆಯ ಭಾಗ ಮುಗಿಸಲಾಗದೆ, ಫೇಲೆಂದು ಗೊತ್ತಿದ್ದೇ ಹೊರಬಂದಿದ್ದೆ. ಮನೆಗೆ ಹೋಗಿ ಹೇಳುವ ಧೈರ್ಯವಿಲ್ಲದೆ ಯಶವಂತಪುರದ ಪ್ಲಾಟ್‌ಫಾರಂನಲ್ಲಿ ಕೂತು ಮೂರು ರೈಲು ಬಿಟ್ಟಿದ್ದೆ. ಅದು ಹೇಗೋ ಅತ್ತೆಯ ಕಿವಿಗೆ ಬಿದ್ದಿತ್ತು.

"ಈ ಸಲ ನಾನೂ ಬತ್ತೀನಿ," ಎಂದು ಹಿಂದಿನ ದಿನವೇ ಹೇಳಿದ್ದರು. "ಪಾಸೋ ಫೇಲೋ, ವಾಪಸ್ ಬರೋವಾಗ ಇಬ್ರೂ ಬರಾಣ."

ಪ್ಯಾಸೆಂಜರ್ ರೈಲಿಗೆ ತಲಾ ಮೂರು ರೂಪಾಯಿ. ಆರು ಗಂಟೆಗೆ ಯಶವಂತಪುರದಲ್ಲಿ ಇಳಿದೆವು. ಮೆಟ್ರೊ ಆಗಿನ್ನೂ ಬಂದಿರಲಿಲ್ಲ, ಕಂಬಗಳಷ್ಟೇ ಎದ್ದಿದ್ದವು. ಮಾರ್ಕೆಟ್ಟಿಗೆ ಈರುಳ್ಳಿ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಮಾರತ್ತಹಳ್ಳಿ ಎಂದರೆ ಯಾವ ಆಟೊದವನೂ ನಿಲ್ಲಲಿಲ್ಲ. ಕೊನೆಗೊಬ್ಬ ಹೆಬ್ಬಾಳದವರೆಗೆ ಬರಲು ಒಪ್ಪಿದ.

"ಇನ್ನೂರೈವತ್ತು ಕೊಡಿ ಮೇಡಂ. ಬಸ್ಸಿಲ್ಲ ಇವತ್ತು."

"ಏನಪ್ಪಾ, ಮನೆ ಮಾರ್ಕೊಂಡ್ ಬರ್ಬೇಕಾ ನಾವು?" ಎಂದರು ಅತ್ತೆ. ನೂರೈವತ್ತಕ್ಕೆ ಇಳಿದ.

ಮತ್ತಿಕೆರೆ, ಸಂಜಯನಗರ ದಾಟಿ ಹೆಬ್ಬಾಳಕ್ಕೆ ಬಂದಾಗ ಏಳು ಗಂಟೆ. ಮೇಲ್ಸೇತುವೆಯ ಕೆಳಗೆ ಜನವೋ ಜನ. ಬಂದ ವ್ಯಾನುಗಳೆಲ್ಲ ಬಾಗಿಲಿಗೆ ಜೋತುಬಿದ್ದವರೊಂದಿಗೇ ಬರುತ್ತಿದ್ದವು. ಇಪ್ಪತ್ತು ನಿಮಿಷ ಕಾದೆವು. ಅಂದು ತಪ್ಪಿದರೆ ಮೊದಲು ಪಾಸಾಗಿದ್ದ ಲಿಖಿತ ಪರೀಕ್ಷೆಯ ಮಾನ್ಯತೆಯ ಅವಧಿಯೂ ಮುಗಿದು, ಎಲ್ಲವನ್ನೂ ಮತ್ತೆ ಶುರುಮಾಡಬೇಕಿತ್ತು. ನಡೆದಾದರೂ ಹೋಗೋಣವೆಂದು ನಾನು ಹೆಜ್ಜೆ ಹಾಕಿದೆ. ಹದಿನೇಳು ಕಿಲೋಮೀಟರ್ ಎಂಬುದು ಗೊತ್ತಿತ್ತು. ನಿಂತಿರಲು ಮಾತ್ರ ಆಗಲಿಲ್ಲ.

ಹಿಂದೆ ಬ್ರೇಕಿನ ಸದ್ದಾಯಿತು. ತಿರುಗಿ ನೋಡಿದರೆ ಸೊಪ್ಪು ತುಂಬಿದ ಲಗೇಜ್ ಆಟೊದ ಮುಂದೆ ಅತ್ತೆ ಕೈ ಅಡ್ಡ ಹಿಡಿದು ನಿಂತಿದ್ದರು.

"ಸಾಯ್ಬೇಕು ಅಂತಿದೀರಾ ಅಜ್ಜಿ?" ಡ್ರೈವರ್ ಕೂಗಿದ.

"ಇಲ್ಲಪ್ಪಾ, ನನ್ ಸೊಸೆ ಪರೀಕ್ಷೆ ಬರೀಬೇಕು. ಎತ್ಲಾಗ್ ಓಯ್ತಿದೀಯ?"

"ಮಾರತ್ತಳ್ಳಿಗೆ. ಮುಂದೆ ಒಬ್ರಿಗೇ ಜಾಗ ಇರೋದು."

"ಅವ್ಳು ಮುಂದೆ ಕೂತ್ಕಳ್ಳಿ. ನಾನು ಇಂದೆ ಸೊಪ್ಪಿನ್ ಜೊತೆ ಬತ್ತೀನಿ."

ನಾನು ಬೇಡವೆನ್ನುವಷ್ಟರಲ್ಲಿ ಅವರು ಹಿಂದೆ ಹತ್ತಿ ಕೊತ್ತಂಬರಿ ಮೂಟೆಗಳ ನಡುವೆ ಕೂತಾಗಿತ್ತು. ರಿಂಗ್ ರೋಡಿನಲ್ಲಿ ಗಾಡಿ ಓಡಿತು.

"ಯಾವ ಪರೀಕ್ಷೆ ಅಕ್ಕಾ?"

"ನೆಟ್‌ವರ್ಕಿಂದು."

"ಟವರ್‌ದಾ? ನಮ್ಮೂರಲ್ಲಿ ಸಿಗ್ನಲ್ಲೇ ಬರಲ್ಲ. ಪಾಸಾದ್ಮೇಲೆ ಸ್ವಲ್ಪ ನೋಡಿ."

ಅಷ್ಟು ಆತಂಕದಲ್ಲೂ ನನಗೆ ನಗು ಬಂತು. ಎಂಟೂ ಐದಕ್ಕೆ ಕೇಂದ್ರದ ಗೇಟಿನಲ್ಲಿಳಿಸಿದ ಆತ ದುಡ್ಡು ಮುಟ್ಟಲಿಲ್ಲ. ಅತ್ತೆಯ ಸೀರೆ ಒದ್ದೆಯಾಗಿತ್ತು, ತಲೆಯಲ್ಲೆಲ್ಲ ಸೊಪ್ಪು. "ಓಗು, ಓಗು. ನಾನಿಲ್ಲೇ ಇರ್ತೀನಿ," ಎಂದರು.

ಒಳಗೆ ಎಸಿಯ ಚಳಿ. ನಾವು ಆರು ಜನ, ಹೆಂಗಸು ನಾನೊಬ್ಬಳೇ. ಸರಿಪಡಿಸುವ ಭಾಗವನ್ನು ಹೊತ್ತಿಗೆ ಮುಂಚೆಯೇ ಮುಗಿಸಿದೆ. ಮಧ್ಯಾಹ್ನ ಅನ್ನ ಸಾರು ಕೊಟ್ಟರು. ನಾಲ್ಕು ತುತ್ತು ಇಳಿಯಿತು. ಮೂರೂವರೆಯ ಹೊತ್ತಿಗೆ ನಾನು ಕಟ್ಟಿದ ನೆಟ್‌ವರ್ಕಿನ ಎರಡು ತುದಿಗಳು ಒಂದನ್ನೊಂದು ಕಾಣದೆ ಹೋದವು. ಹಿಂದಿನ ಸಲ ಮುಗ್ಗರಿಸಿದ್ದೂ ಹೀಗೆಯೇ. ಗಾಬರಿಯಲ್ಲಿ ಎಲ್ಲ ರೂಟರ್‌ಗಳಲ್ಲೂ ಕೈಯಾಡಿಸಿ, ಸರಿಯಿದ್ದದ್ದನ್ನೂ ಕೆಡಿಸಿದ್ದೆ.

ಈ ಸಲ ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕಾಗದದ ಮೇಲೆ ಚಿತ್ರ ಬರೆದು, ಮೊದಲ ರೂಟರಿನಿಂದ ಒಂದೊಂದನ್ನೇ ಪರೀಕ್ಷಿಸುತ್ತ ಹೋದೆ. ಏನನ್ನೂ ಬದಲಿಸಲಿಲ್ಲ, ನೋಡಿದೆ ಅಷ್ಟೇ. ಪಕ್ಕದವನ ಕೀಲಿಗಳು ಟಪಟಪ ಬಡಿಯುತ್ತಿದ್ದವು. ಐದನೆಯ ರೂಟರಿನಲ್ಲಿ ಸಿಕ್ಕಿತು: ಮೂವತ್ತೆರಡು ಇರಬೇಕಾದಲ್ಲಿ ನಾನೇ ಇಪ್ಪತ್ತಮೂರು ಎಂದು ಒತ್ತಿದ್ದೆ. ತಿದ್ದಿದೆ. ಎರಡು ತುದಿಗಳೂ ಮಾತಾಡಿಕೊಂಡವು. ಉಳಿದಿದ್ದ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಇನ್ನೊಮ್ಮೆ ಸರಿನೋಡಿ ಎದ್ದೆ.

ಹೊರಗೆ ಅತ್ತೆ ವಾಚ್‌ಮನ್ನಿನ ಕುರ್ಚಿಯಲ್ಲಿ ಕೂತಿದ್ದರು. ಆತ ಪಕ್ಕದಲ್ಲಿ ನಿಂತು ರೊಟ್ಟಿ ತಿನ್ನುತ್ತಿದ್ದ.

"ಪಾಸಾ?"

"ನಾಳೆ ಗೊತ್ತಾಗತ್ತೆ ಅತ್ತೆ."

"ಗೊತ್ತಾದಾಗ ಗೊತ್ತಾಗ್ಲಿ. ಮುಖ ನೋಡು, ಬಾಡೋಗದೆ. ಮೊದ್ಲು ತಿನ್ನು."

ಸಂಜೆಗೆ ಖಾಸಗಿ ವ್ಯಾನುಗಳು ಹೆಚ್ಚಿದ್ದವು. ಯಶವಂತಪುರದಲ್ಲಿ ಈ ಸಲ ಒಂದು ರೈಲನ್ನೂ ಬಿಡದೆ, ಬಂದದ್ದನ್ನೇ ಹತ್ತಿದೆವು.

ಮರುದಿನ ಬೆಳಿಗ್ಗೆ ಮೇಲ್ ಬಂತು. ಮೂರು ಸಲ ಓದಿಕೊಂಡು ಕೆಳಗೆ ಓಡಿದೆ. ಅತ್ತೆ ರಾಗಿ ಕೇರುತ್ತಿದ್ದರು. "ಅತ್ತೆ, ಪಾಸಾದೆ," ಎಂದೆ. ಅವರು ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮಂಡಿ ಹಿಡಿದು ಮೆಟ್ಟಿಲು ಹತ್ತಿದರು. ನನ್ನ ಓದಿಗೆ ತೊಂದರೆಯಾದೀತೆಂದು ಒಂದೂವರೆ ವರ್ಷ ಆ ಕೋಣೆಗೆ ಕಾಲಿಟ್ಟಿರಲಿಲ್ಲ.

"ಎಲ್ಲಿ ಬರ್ದವ್ರೆ, ತೋರ್ಸು."

ಅವರಿಗೆ ಇಂಗ್ಲಿಷ್ ಬಾರದು. ಅವರ ಬೆರಳು ಹಿಡಿದು ಪರದೆಯ ಮೇಲಿನ PASS ಎಂಬ ನಾಲ್ಕಕ್ಷರದ ಮೇಲಿಟ್ಟೆ.

"ಇಷ್ಟೇನಾ?"

"ಇಷ್ಟೇ ಅತ್ತೆ."

ಬೆರಳು ತೆಗೆಯದೆ ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕುರ್ಚಿಯಲ್ಲಿ ಕೂತು, "ಮೇಲಿಂದ ಓದು," ಎಂದರು. "ಎಲ್ಲಾನೂ ಓದು."