ದೂಜ ಕೂತು ನೋಡಿದ ಆಟ

ಬೇಸಿಗೆ ಬಂತೆಂದರೆ ಚೆಂಬೂರಿನ ನಮ್ಮ ಚಾಳಿನ ಖೋಲಿಗಳಲ್ಲಿ ಮನುಷ್ಯರು ಮಲಗುವ ಹಾಗಿರಲಿಲ್ಲ. ಊಟ ಮುಗಿದ ಕೂಡಲೇ ಗಂಡಸರೆಲ್ಲ ಹಾಸಿಗೆ ಸುತ್ತಿಕೊಂಡು ಅಂಗಳಕ್ಕೆ ಬರುತ್ತಿದ್ದೆವು. ನನಗಂತೂ ಮಲಗುವುದಕ್ಕಿಂತ ತಿರುಗುವುದರಲ್ಲೇ ಖುಷಿ. ಹಗಲೆಲ್ಲ ದಾದರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ಮಡಚಿ ಸಾಕಾದವನಿಗೆ ಮುಂಬಯಿ ಶಹರ ಶುರುವಾಗುವುದೇ ಸಂಜೆಯ ಮೇಲೆ. ಚೌಪಾಟಿಯ ಗಾಳಿ, ಪಾರ್ಕಿನ ಭಜನೆ, ಮೈದಾನದ ಕುಸ್ತಿ, ಗಲ್ಲಿಗೆ ಅಡ್ಡ ಪರದೆ ಕಟ್ಟಿ ತೋರಿಸುವ ಸಿನೆಮಾ, ಯಾವುದನ್ನೂ ಬಿಡುತ್ತಿರಲಿಲ್ಲ. ಗೋರೆಗಾಂವದಲ್ಲಿ ರಾತ್ರಿ ಶೂಟಿಂಗ್ ಇದೆ ಎಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೂ ಹೋಗಿ, ಕಾಂಪೌಂಡಿನ ಗೋಡೆ ನೋಡಿಕೊಂಡು ಬಂದದ್ದುಂಟು.

ಈ ತಿರುಗಾಟದಲ್ಲಿ ನನ್ನ ಜೋಡಿ ದೂಜ. ಪಕ್ಕದ ಖೋಲಿಯವನು, ಉಡುಪಿಯ ಕಡೆಯವನು. ಟ್ರಾಂಬೆಯಲ್ಲಿ ಆಗ ಕಟ್ಟುತ್ತಿದ್ದ ಎಣ್ಣೆ ಕಾರ್ಖಾನೆಯಲ್ಲಿ ಕಬ್ಬಿಣ ಹೊರುವ ಕೆಲಸ. ಆಳು ನನಗಿಂತ ಗೇಣುದ್ದ ಎತ್ತರ, ಮಾತು ಮೆದು. ನೋಡುವ ಹುಚ್ಚು ನನಗಿಂತ ಒಂದು ಕೈ ಮೇಲೆ. ಆದರೆ ಅವನ ಒಂದು ಅಭ್ಯಾಸ ನನ್ನ ತಲೆ ಕೆಡಿಸುತ್ತಿತ್ತು. ಎಲ್ಲಿಗೆ ಹೋದರೂ ಅವನು ಕೂರುತ್ತಿರಲಿಲ್ಲ. ಮುಂದೆ ಜಮಖಾನ ಖಾಲಿ ಬಿದ್ದಿದ್ದರೂ ಎಲ್ಲರ ಹಿಂದೆ, ಗುಂಪಿನಿಂದಲೂ ನಾಲ್ಕು ಮಾರು ಆಚೆ, ಕೈ ಕಟ್ಟಿಕೊಂಡು ನಿಲ್ಲುತ್ತಿದ್ದ.

"ಅಷ್ಟ ಜಾಗಾ ಖಾಲಿ ಐತಿ, ಬಂದು ಕುಂದರಬಾರದೇನೋ ದೂಜಣ್ಣ?" ಎಂದರೆ, "ನಿಂತ್ರೆ ಒಳ್ಳೆ ಕಾಣ್ತದೆ ಪರಪ್ಪಣ್ಣ, ನೀವು ಕೂತ್ಕೊಳ್ಳಿ" ಅನ್ನುತ್ತಿದ್ದ.

"ನಿನ್ನ ಕಾಲು ಮನಷ್ಯಾರವೋ, ಲೈಟಿನ ಕಂಬದವೋ?"

ಅದಕ್ಕೆ ಸುಮ್ಮನೆ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಜೊತೆಗೆ ಬಂದವನು ಹಿಂದೆ ನಿಂತರೆ ನೋಡಿದ್ದನ್ನು ಯಾರ ಕಿವಿಯಲ್ಲಿ ಹೇಳಿಕೊಂಡು ನಗಬೇಕು?

ಹೊರಗೆ ಹೋಗದ ರಾತ್ರಿಗಳಲ್ಲಿ ಅಂಗಳದಲ್ಲಿ ಮಲಗಿ ದೂಜ ತನ್ನ ಊರಿನ ಯಕ್ಷಗಾನದ ಕಥೆ ಹೇಳುತ್ತಿದ್ದ. ಅವರ ಕಡೆ ಅದಕ್ಕೆ ಆಟ ಅನ್ನುತ್ತಾರೆ. ಯುದ್ಧಕ್ಕೆ ಹೊರಟ ರಾಜನನ್ನು ರಾಣಿ ತಡೆಯುವ ಕಥೆಯನ್ನು ನಾವೆಲ್ಲ ಮತ್ತೆ ಮತ್ತೆ ಹೇಳಿಸುತ್ತಿದ್ದೆವು. ರಾಣಿ ಕಾಲಿಗೆ ಬಿದ್ದು, "ನನ್ನನ್ನು ಬಿಟ್ಟು ಹೋಗಬೇಡಿ ಸ್ವಾಮಿ, ನನಗೆ ಯಾರು ದಿಕ್ಕು" ಎಂದು ಅಳುವುದನ್ನು ದೂಜ ಸಣ್ಣ ದನಿಯಲ್ಲಿ ಹೇಳುವಾಗ ನನ್ನ ಹೆಂಡತಿ ರಾಚವ್ವ ಹೊಸಿಲ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಟೈಫಾಯಿಡ್ ಬಂದು ಮಲಗಿದಾಗಲೂ ಅವಳು ಅಷ್ಟು ಅತ್ತವಳಲ್ಲ.

ಐವತ್ತೈದರ ಮೇ ತಿಂಗಳಲ್ಲಿ ದೂಜನ ಹೆಂಡತಿ ಸೇವಂತಿ ಊರಿನಿಂದ ಬಂದಳು. ನಲ್ಲಿಯ ಹತ್ತಿರ ಅವಳಿಗೂ ರಾಚವ್ವನಿಗೂ ಗೆಳೆತನವಾಯಿತು. ಇಷ್ಟು ವರ್ಷ ದೂಜ ನನಗೆ ಹೇಳದೇ ಇದ್ದದ್ದು ಹೆಂಗಸರ ಬಾಯಿಂದ ನಾಲ್ಕೇ ದಿನದಲ್ಲಿ ನನ್ನ ಕಿವಿಗೆ ಬಂತು. ಅವರ ಊರಲ್ಲಿ ಗದ್ದೆ ಕೊಯ್ಲಾದ ಮೇಲೆ ಆಟ ಆಗುತ್ತದೆ. ದೂಜನ ಜಾತಿಯವರು ಅದರ ಹತ್ತಿರ ಬರುವ ಹಾಗಿಲ್ಲ. ದೂರದ ಗದ್ದೆಯ ಬದುವಿನ ಮೇಲೆ ನಿಂತು ನೋಡಬೇಕು. ಅಲ್ಲಿಗೆ ದೀಪ ಕಾಣುತ್ತದೆ, ಕಿರೀಟ ಕಾಣುತ್ತದೆ, ಚೆಂಡೆ ಕೇಳುತ್ತದೆ. ಮಾತು ಮಾತ್ರ ಕೇಳುವುದಿಲ್ಲ. ಅವನ ಕಥೆಗಳಲ್ಲಿ ರಾಜ ರಾಣಿಯರು ಆಡುವ ಮಾತೆಲ್ಲ ಬದುವಿನ ಮೇಲೆ ನಿಂತು ಅವನೇ ಕಟ್ಟಿಕೊಂಡದ್ದು.

ಕೇಳಿ ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ರಾಚವ್ವನ ಮೇಲೆ ರೇಗಿದೆ.

ಆ ವಾರವೇ ದಾದರಿನ ಮೈದಾನಕ್ಕೆ ದೂಜನ ಊರಿನ ಕಡೆಯ ಆಟದ ಮೇಳ ಬರುವ ಸುದ್ದಿ ಬಂತು. ಕಥೆಯೂ ಅದೇ, ರಾಜ ರಾಣಿಯದು. ಒಮ್ಮೆಯಾದರೂ ಮುಂದೆ ಕೂತು ರಾಣಿಯ ಮಾತು ಕಿವಿಯಾರೆ ಕೇಳಬೇಕು ಎಂದು ಸೇವಂತಿ ಹಟ ಹಿಡಿದಳು. ದೂಜ ಮಾತ್ರ ಬೇಡವೆಂದ. ಆಟ ಆಡಿಸುವವರು ದಾದರಿನಲ್ಲಿ ಹೋಟೆಲು ಇಟ್ಟಿದ್ದ ಅಣ್ಣು ಶೆಟ್ಟರು. ದೂಜನ ಊರಿನ ದೊಡ್ಡ ಮನೆಯವರು. ಊರಲ್ಲಿ ಆಟ ಆಗುತ್ತಿದ್ದದ್ದು ಅವರದೇ ಗದ್ದೆಯಲ್ಲಿ.

"ಅವರು ನೋಡಿ ಎಬ್ಬಿಸಿದ್ರೆ?" ಎಂದ ದೂಜ. "ಊರಲ್ಲಾದ್ರೆ ಅಭ್ಯಾಸ ಉಂಟು. ಇಲ್ಲಿ ಇವಳ ಎದುರು ಎಬ್ಬಿಸಿದ್ರೆ, ಮತ್ತೆ ಈ ಮುಂಬಯಿಯಲ್ಲಿ ನಾನು ತಲೆ ಎತ್ತಿ ನಡಿಯುವುದು ಹೇಗೆ?"

"ಎಬ್ಬಸ್ಲಿ ನೋಡೂಣು. ನಾ ಅದೀನಿ."

"ನೀವು ಇರ್ತೀರಲ್ಲ, ಅದೊಂದು ಬೇರೆ ಹೆದರಿಕೆ ನಂಗೆ."

ಆದರೂ ಹೊರಟೆವು. ಮೈದಾನದಲ್ಲಿ ಹಗಲಿನಂಥ ಬೆಳಕು. ಹೋಟೆಲುಗಳ ಶಟರ್ ಎಳೆದು ಬಂದ ಮಾಣಿಗಳು, ಅಡಿಗೆಯವರು, ಮೈಯಲ್ಲಿ ಇನ್ನೂ ಸಾಂಬಾರಿನ ವಾಸನೆ ಇಟ್ಟುಕೊಂಡೇ ಜಾಗ ಹಿಡಿಯುತ್ತಿದ್ದರು. ಸಮುದ್ರದ ಗಾಳಿ ತಣ್ಣಗಿತ್ತು. ಸೇವಂತಿ ಯಾರನ್ನೂ ಕೇಳದೆ ರಾಚವ್ವನ ಕೈ ಹಿಡಿದುಕೊಂಡು ನೆಟ್ಟಗೆ ಹೋಗಿ ಮುಂದಿನ ಜಮಖಾನದ ಮೇಲೆ ಕೂತುಬಿಟ್ಟಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ದೂಜ ಹಿಂದೆಯೇ ಉಳಿದ.

ಸೇವಂತಿ ತಿರುಗಿ ಅವನನ್ನು ನೋಡಿದಳು. ಕರೆಯಲಿಲ್ಲ, ಸುಮ್ಮನೆ ನೋಡುತ್ತಲೇ ಇದ್ದಳು. ದೂಜ ಬಿಸಿ ನೆಲ ತುಳಿಯುವವನ ಹಾಗೆ ಕಾಲೆತ್ತಿಡುತ್ತ ಬಂದ. ಬಂದವನು ಕೂರಬೇಕಲ್ಲ? ಅಷ್ಟು ಜನರ ನಡುವೆ ಸೆಟೆದು ನಿಂತ. ಹಿಂದಿನಿಂದ ಕೂಗಾಟ ಶುರುವಾಯಿತು. ಅದನ್ನು ಕೇಳಿ ಟಾರ್ಚು ಹಿಡಿದುಕೊಂಡು ಒಬ್ಬರು ಇತ್ತಲೇ ಬಂದರು. ದೂಜ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಂದವರು ಅಣ್ಣು ಶೆಟ್ಟರೆಂದು ಅದರಿಂದಲೇ ನನಗೆ ಗೊತ್ತಾಯಿತು. ನಾನು ಅಂಗಿಯ ತೋಳು ಮಡಚಿದೆ.

ಶೆಟ್ಟರು ದೂಜನ ಮುಖಕ್ಕೆ ಬೆಳಕು ಬಿಟ್ಟರು.

"ನೀನು ನಮ್ಮೂರಿನ ದೂಜ ಅಲ್ವಾ?" ಎಂದರು. ಸ್ವಲ್ಪ ಹೊತ್ತು ಅವನನ್ನೂ, ಕೆಳಗೆ ಕೂತ ಸೇವಂತಿಯನ್ನೂ ನೋಡಿದರು. "ಕೂತ್ಕೋ ಮಾರಾಯ. ಹಿಂದಿನವರಿಗೆ ಕಾಣುವುದಿಲ್ಲ."

ಅಷ್ಟು ಹೇಳಿ ಇನ್ನೊಂದು ಕಡೆಯ ಗಲಾಟೆಗೆ ಓಡಿದರು. ಜಗಳಕ್ಕೆ ಸಿದ್ಧವಾಗಿದ್ದ ನಾನು ಮಡಚಿದ ತೋಳನ್ನು ಮತ್ತೆ ಇಳಿಸಿಕೊಂಡೆ. ಸೇವಂತಿ ಸರಿದು ಜಾಗ ಮಾಡಿದಳು. ದೂಜ ಕೂತ.

ರಾಣಿಯ ವೇಷ ರಂಗಕ್ಕೆ ಬಂತು. ರಾಚವ್ವ ಮೊದಲೇ ಸೆರಗು ಕೈಗೆ ತೆಗೆದುಕೊಂಡಿದ್ದಳು. ಆದರೆ ಆ ರಾಣಿ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಮದುವೆಯ ದಿನ ಏನು ಮಾತು ಕೊಟ್ಟಿದ್ದೆ, ಈ ಯುದ್ಧ ಯಾರ ಹೊಟ್ಟೆ ತುಂಬಿಸುವುದಕ್ಕೆ ಎಂದು ರಾಜನನ್ನು ನಿಲ್ಲಿಸಿ ಕೇಳಿದಳು. ರಾಜ ಒಂದು ಹೇಳಿದರೆ ಇವಳು ಹತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು.

"ಇವಳು ಅಳುವುದಲ್ಲ ರಾಚಕ್ಕ," ಎಂದಳು ಸೇವಂತಿ, ಕಣ್ಣರಳಿಸಿ. "ಬೈಯುವುದು."

ನಾನು ದೂಜನ ಕಡೆ ತಿರುಗಿದೆ. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ನಗುತ್ತಿದ್ದಾನೆ ಎಂದುಕೊಂಡು ಬೆನ್ನಿಗೆ ಗುದ್ದಿದೆ. ಅವನು ಅಳುತ್ತಿದ್ದ.

"ಇಷ್ಟು ವರ್ಷ ಆ ರಾಣಿಯನ್ನು ನಾನು ಸುಮ್ಮನೆ ಅಳಿಸಿದೆ ಪರಪ್ಪಣ್ಣ," ಎಂದ.

ಗುದ್ದಿದ ಕೈಯನ್ನು ಅವನ ಬೆನ್ನ ಮೇಲೆಯೇ ಇಟ್ಟೆ.

ಬೆಳಗಿನ ಜಾವ ಆಟ ಮುಗಿಯಿತು. ಜನ ಕರಗಿದರು. ಜಮಖಾನ ಸುತ್ತುವವರು ಆ ತುದಿಯಿಂದ ಸುತ್ತುತ್ತ ನಮ್ಮ ಹತ್ತಿರ ಬಂದರು. ದೂಜ ಚಕ್ಕಳಮಕ್ಕಳ ಹಾಕಿಕೊಂಡು ಕೂತೇ ಇದ್ದ.

"ಏಳಿ, ಆಟ ಮುಗೀತು," ಎಂದಳು ಸೇವಂತಿ.

"ಆಟ ಮುಗೀಲಿ," ಎಂದ ದೂಜ. "ನಾನು ಇನ್ನು ಸ್ವಲ್ಪ ಕೂತಿರ್ತೇನೆ."

ಸುತ್ತುವವರು ಹೆಗಲಿನ ಬಟ್ಟೆಯಿಂದ ಬೆವರು ಒರೆಸಿಕೊಂಡು ಕಾದರು. ನಾವು ಮೂವರೂ ಅವನ ಪಕ್ಕದಲ್ಲೇ ಕೂತೆವು.